ಸೂರ್ಯಾಸ್ತ ಸವೆಯುತ್ತದೆಯೇ?

ಅತ್ಯುತ್ತಮ ಛಾಯಾಚಿತ್ರವೊಂದನ್ನು ಕಂಡಾಗ ತಾನೂ ಒಂದು ಚಿತ್ರ ತೆಗೆಯಬೇಕೆಂಬ ಹುಮ್ಮಸ್ಸು ಹುಟ್ಟುತ್ತದೆ. ಪ್ರದರ್ಶನದ ಗೋಡೆಯೆದುರು ಹುಟ್ಟುವುದುಂಟು, ಅಂತರ್ಜಾಲದಲ್ಲಿ ಬೆರಳಾಡಿಸುವಾಗ ಹುಟ್ಟುವುದೂ ಉಂಟು. ಇದಕ್ಕೆ ಸ್ಫೂರ್ತಿ ಎಂದು ಹೆಸರು. ಅದು ನಿಜವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅದು ನೋಡುಗನನ್ನು ಎತ್ತ ಕಳಿಸುತ್ತದೆ, ಕಳಿಸಿದ ಕಡೆ ಅವನಿಗೆ ಮಾಡಲು ಏನಾದರೂ ಉಳಿದಿರುತ್ತದೆಯೇ ಎಂಬಲ್ಲಿ ತಕರಾರು ಶುರುವಾಗುತ್ತದೆ.

ಉಡುಪಿ ಜಿಲ್ಲೆಯಲ್ಲಿ ಈ ತಕರಾರಿಗೆ ಒಂದು ವಿಳಾಸವಿದೆ. ಉಡುಪಿಯಿಂದ ತೆಂಕಕ್ಕೆ ಸುಮಾರು 13 ಕಿಲೋಮೀಟರ್ ದೂರದ ಕಾಪು ಕಡಲತೀರದಲ್ಲಿ, ಬಂಡೆಯೊಂದರ ಮೇಲೆ, 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿದೆ. ಸಂಜೆಯಾದರೆ ಅದರ ಪಕ್ಕದ ಮರಳಿನಲ್ಲಿ ಮೊಬೈಲು, ಟ್ರೈಪಾಡು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ವಾರಾಂತ್ಯಕ್ಕೆ ಮಣಿಪಾಲದಿಂದ ಇಳಿದು ಬಂದ ವಿದ್ಯಾರ್ಥಿಗಳು. ಹೆಚ್ಚಿನವರು ತೆಗೆಯುವುದು ಒಂದೇ ಚಿತ್ರ: ಕಪ್ಪು ನೆರಳಾದ ಗೋಪುರ, ಪಕ್ಕದಲ್ಲಿ ಕೆಂಪು ಸೂರ್ಯ, ಕೆಳಗೆ ಒದ್ದೆ ಮರಳಿನಲ್ಲಿ ಎರಡರ ಪ್ರತಿಫಲನ. ಹೊಸಬನೊಬ್ಬ ಇದನ್ನು ಊರಿನ ಅನುಭವಿ ಛಾಯಾಗ್ರಾಹಕರಿಗೆ ತೋರಿಸಿದರೆ ಸಿಗುವ ಉತ್ತರವೂ ಒಂದೇ. ಲೈಟ್‌ಹೌಸ್ ಎಲ್ಲ ತೆಗೆದು ಮುಗಿದದ್ದು ಮಾರಾಯ, ಬೇರೆ ಏನಾದರೂ ನೋಡು.

ಈ ಉತ್ತರ ಅನುಭವದ ಮಾತಿನಂತೆ ಕೇಳಿಸುತ್ತದೆ. ಆದರೆ ಅದು ತಪ್ಪು, ಹಾನಿಕರ ಕೂಡ. ಲೋಕದ ಒಂದು ಭಾಗಕ್ಕೆ ಬೀಗ ಹಾಕಿಯಾಗಿದೆ, ತಡವಾಗಿ ಬಂದವರಿಗೆ ಒಳಗೆ ಜಾಗವಿಲ್ಲ ಎಂದು ಅದು ಸಾರುತ್ತದೆ. ಒಳ್ಳೆಯ ಚಿತ್ರಗಳು ಹೆಚ್ಚಿದಷ್ಟೂ ತೆಗೆಯಬಹುದಾದದ್ದು ಕಡಿಮೆಯಾಗುತ್ತದೆ ಎಂಬುದು ಅದರ ಒಳಗಿನ ಲೆಕ್ಕ. ಆ ಲೆಕ್ಕ ಸರಿಯಾಗಿದ್ದರೆ ಪ್ರದರ್ಶನಗಳಿಗೆ ಹೋಗುವುದು, ದೊಡ್ಡ ಛಾಯಾಗ್ರಾಹಕರ ಪುಟಗಳನ್ನು ನೋಡುವುದು, ಎಲ್ಲವೂ ತನ್ನ ಮುಂದಿರುವ ದಾರಿಯನ್ನು ತಾನೇ ಕಿರಿದು ಮಾಡಿಕೊಳ್ಳುವ ಕೆಲಸವಾಗುತ್ತದೆ.

ಕಲೆ ಅನುಕರಣದ ಅನುಕರಣ ಎಂಬ ಪ್ಲೇಟೋನ ವಾದ, ಯಂತ್ರದ ಪ್ರತಿಗಳಲ್ಲಿ ಮೂಲದ ಪ್ರಭೆ ಕುಂದುತ್ತದೆ ಎಂಬ ವಾಲ್ಟರ್ ಬೆಂಜಮಿನ್‌ನ 1930ರ ದಶಕದ ಪ್ರಬಂಧ, ಪ್ರತಿಭೆ-ವ್ಯುತ್ಪತ್ತಿ-ಅಭ್ಯಾಸಗಳೆಂಬ ನಮ್ಮ ಕಾವ್ಯಮೀಮಾಂಸೆಯ ಮೂರು ಹೆಸರು, ಇವೆಲ್ಲ ಪಠ್ಯಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕಾಪುವಿನ ಮರಳಿನಲ್ಲಿ ನಿಂತವನಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿಜವಾಗಿ ಎದುರಿಸಬೇಕಾದವರು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್. 1977ರಲ್ಲಿ ಪುಸ್ತಕವಾಗಿ ಬಂದ 'ಆನ್ ಫೋಟೋಗ್ರಫಿ'ಯಲ್ಲಿ ಅವರು ಊರಿನ ಅನುಭವಿಗಳ ಮಾತನ್ನೇ ಬಲವಾದ ತರ್ಕವಾಗಿ ಕಟ್ಟಿದ್ದಾರೆ. ಛಾಯಾಚಿತ್ರ ಸೌಂದರ್ಯವನ್ನು ಸೃಷ್ಟಿಸುತ್ತದೆ. ತಲೆಮಾರುಗಳ ಕಾಲ ತೆಗೆಯುತ್ತ ಹೋದಂತೆ ಅದನ್ನು ಖರ್ಚು ಮಾಡಿ ಮುಗಿಸಿಬಿಡುತ್ತದೆ. ಚಿತ್ರಗಳಿಂದ ತುಂಬಿಹೋದ ಕಣ್ಣಿಗೆ ಸೂರ್ಯಾಸ್ತ ಸವಕಲಾಗಿ ಕಾಣುತ್ತದೆ, ಏಕೆಂದರೆ ಅದು ಛಾಯಾಚಿತ್ರವನ್ನೇ ಹೋಲುತ್ತದೆ. ಇದು ಅವರ ನಿಲುವಿನ ಸಾರ.

ಇದಕ್ಕೆ ಮೊದಲ ಉತ್ತರವನ್ನು ಕಾಪುವಿನ ಆಕಾಶವೇ ಕೊಡುತ್ತದೆ. ಆ ಊರು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ನೇರ ಪಡುವಣಕ್ಕೆ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಆಸುಪಾಸಿನಲ್ಲಿ ಮಾತ್ರ. ಡಿಸೆಂಬರ್ ಕೊನೆಯ ಹೊತ್ತಿಗೆ ಮುಳುಗುವ ಜಾಗ ಸುಮಾರು 24 ಡಿಗ್ರಿ ತೆಂಕಕ್ಕೆ ಸರಿದಿರುತ್ತದೆ, ಜೂನ್ ಕೊನೆಗೆ ಅಷ್ಟೇ ಬಡಗಕ್ಕೆ. ಗೋಪುರವನ್ನೂ ಸೂರ್ಯನನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ನಿಲ್ಲಿಸಬೇಕಾದರೆ ತಿಂಗಳಿಂದ ತಿಂಗಳಿಗೆ ಮರಳಿನ ಮೇಲೆ ಜಾಗ ಬದಲಿಸಬೇಕು. ಜೂನ್ ಸೂರ್ಯನನ್ನು ಮುಂಗಾರಿನ ಮೋಡ ಕಾಣಗೊಡುವುದೇ ಅಪರೂಪ. ಹೀಗಾಗಿ ಅಂತರ್ಜಾಲದಲ್ಲಿರುವ ಕಾಪು ಬಹುಪಾಲು ಚಳಿಗಾಲದ ಕಾಪು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳೆಲ್ಲ ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ. ಉಳಿದ ತಿಂಗಳುಗಳಲ್ಲಿ ರಾತ್ರಿ ದಿಗಂತದ ಮೇಲೆ ಕಾಣುವ ದೋಣಿದೀಪಗಳ ಸಾಲು ಆಗ ಇರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ: ಅದು ಕಡಲಿನಿಂದ ಕಾಣಲೆಂದೇ ಕಟ್ಟಿದ ಗೋಪುರ, ಆದರೆ ಅದರ ಚಿತ್ರಗಳು ಹೆಚ್ಚುಕಡಿಮೆ ಎಲ್ಲವೂ ನೆಲದ ಕಡೆಯಿಂದ ತೆಗೆದವು. ತೆಗೆದು ಮುಗಿದದ್ದು ಎಂಬ ಲೈಟ್‌ಹೌಸ್ ಒಂದು ಋತುವಿನ, ಒಂದು ದಿಕ್ಕಿನ ಲೈಟ್‌ಹೌಸ್.

ಸೊಂಟಾಗ್ ಈ ಉತ್ತರಕ್ಕೆ ಸೋಲುವವರಲ್ಲ. ಬಳಕೆಯಾಗದ ಮೂಲೆಗಳನ್ನು ಹುಡುಕಿ ಕೊಟ್ಟರೆ ಅವೂ ನಾಳೆ ಬಳಕೆಯಾಗಿ ಸವೆಯುತ್ತವೆ ಎಂದು ಅವರು ಹೇಳಬಹುದು, ಅದು ನಿಜ. ಅವರ ವಾದ ಸೂರ್ಯನ ಬಗ್ಗೆ ಅಲ್ಲವೇ ಅಲ್ಲ, ನೋಡುವ ಕಣ್ಣಿನ ಬಗ್ಗೆ. ಹಾಗಾದರೆ ಕೇಳಬೇಕಾದದ್ದು: ಯಾರ ಕಣ್ಣು? ಮಣಿಪಾಲಕ್ಕೆ ಓದಲು ಬರುವ ವಿದ್ಯಾರ್ಥಿಗಳಲ್ಲಿ ಕಡಲಿಲ್ಲದ ಊರುಗಳವರು ಬಹಳ ಮಂದಿ. ಅಲ್ಲಿನ ಎಂಡ್ ಪಾಯಿಂಟಿನಲ್ಲಿ ಸ್ವರ್ಣಾ ನದಿಯ ಕಣಿವೆಯನ್ನು ನೋಡಿ, ಮುಂದಿನ ವಾರ ಕಾಪುವಿಗೆ ಬಂದು ನಿಲ್ಲುವ ಅಂಥವರಿಗೆ ಅದು ಮೊದಲ ಕಡಲು. ಅವರು ಇನ್‌ಸ್ಟಾಗ್ರಾಮಿನಲ್ಲಿ ಮೊದಲೇ ಕಂಡ ಚಿತ್ರವನ್ನೇ ಮತ್ತೆ ತೆಗೆಯುತ್ತಾರೆ, ನಿಜ. ಆದರೆ ಅವರ ಮುಖದಲ್ಲಿ ಸವಕಲು ಭಾವ ಕಾಣುವುದಿಲ್ಲ. ಸೌಂದರ್ಯ ದೀಪದ ಎಣ್ಣೆಯಂತೆ ಒಬ್ಬರು ಉರಿಸಿದಷ್ಟೂ ಮತ್ತೊಬ್ಬರಿಗೆ ಕಡಿಮೆಯಾಗುವ ವಸ್ತುವೆಂದು ಭಾವಿಸುವುದು, ನ್ಯೂಯಾರ್ಕಿನ ಗ್ಯಾಲರಿಗಳನ್ನೆಲ್ಲ ನೋಡಿ ಮುಗಿಸಿದ ಒಬ್ಬರ ದಣಿವನ್ನು ಲೋಕದ ದಣಿವೆಂದು ಎಣಿಸಿದಂತಾಗುತ್ತದೆ.

ಆದರೂ ಅದೇ ವಿದ್ಯಾರ್ಥಿಗಳನ್ನು ಇನ್ನೂ ಸ್ವಲ್ಪ ಹೊತ್ತು ಗಮನಿಸಿದರೆ ಸೊಂಟಾಗ್‌ಗೆ ಒಂದಿಷ್ಟು ನೆಲ ಬಿಟ್ಟುಕೊಡಬೇಕಾಗುತ್ತದೆ. ಸೂರ್ಯ ನೀರಿಗಿಳಿಯುತ್ತಿದ್ದಂತೆ ಬಹುತೇಕರು ಎದ್ದು ಹೊರಡುತ್ತಾರೆ. ಪಡುವಣದ ಬಾನಿನಲ್ಲಿ ಬಣ್ಣ ಗಾಢವಾಗುವುದು ಎಷ್ಟೋ ಸಂಜೆ ಅದರ ನಂತರದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ. ಅವರು ಫೋನಿನಲ್ಲಿ ಕಂಡಿದ್ದ ಚಿತ್ರ ಸಿಕ್ಕಿತು, ಅಲ್ಲಿಗೆ ಕೆಲಸ ಮುಗಿಯಿತು. ಮೊದಲೇ ನೋಡಿದ ಚಿತ್ರ ಅವರನ್ನು ಕಾಪುವಿಗೆ ಕರೆತಂದಿತು, ಅಲ್ಲಿ ನೋಡುವುದನ್ನು ಯಾವಾಗ ನಿಲ್ಲಿಸಬೇಕೆಂದೂ ಅದೇ ತೀರ್ಮಾನಿಸಿತು. ಸೌಂದರ್ಯ ಸವೆಯದಿದ್ದರೂ ಗಮನ ಸವೆಯುತ್ತದೆ ಎಂಬುದನ್ನು ಇಲ್ಲಿ ಒಪ್ಪಲೇಬೇಕು.

ದೋಷ ಪರದೆಯದ್ದು, ಪ್ರದರ್ಶನದ ಗೋಡೆಯಲ್ಲಿ ಹಾಗಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. ಹನ್ನೆರಡಕ್ಕೆ ಹದಿನೆಂಟು ಇಂಚಿನ ಮುದ್ರಿತ ಚಿತ್ರವನ್ನು ಬೆರಳಿನಿಂದ ಸರಿಸಲಾಗುವುದಿಲ್ಲ. ಅದರ ಮುಂದಿನಿಂದ ಸರಿಯಬೇಕಾದದ್ದು ನೋಡುಗನ ದೇಹ, ದೇಹ ಬೆರಳಿಗಿಂತ ನಿಧಾನ. ಆದರೆ ಗೋಡೆಗೂ ಅದರದೇ ದುರಭ್ಯಾಸಗಳಿವೆ. 1950ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಎಫ್‌ಐಎಪಿಯ ಮನ್ನಣೆ ಪಡೆದ ಸಲೋನ್‌ಗಳಲ್ಲಿ ಚಿತ್ರಗಳು ತೀರ್ಪುಗಾರರ ಕಣ್ಣೆದುರು ಕೆಲವೇ ಸೆಕೆಂಡು ನಿಲ್ಲುತ್ತವೆ. ಆ ಸೆಕೆಂಡುಗಳಲ್ಲಿ ಹಿಡಿದು ನಿಲ್ಲಿಸುವ ಚಿತ್ರಕ್ಕೆ ಆಕ್ಸೆಪ್ಟೆನ್ಸ್ ಸಿಗುತ್ತದೆ, ಆಕ್ಸೆಪ್ಟೆನ್ಸ್‌ಗಳು ಕೂಡಿದರೆ ಹೆಸರಿನ ಮುಂದೆ ಬಿರುದು ಬರುತ್ತದೆ. ಕರಾವಳಿಯ ಕಂಬಳದ ಚಿತ್ರ ಅಲ್ಲಿ ಹೇಗಿರುತ್ತದೆಂದು ಬಲ್ಲವರಿಗೆ ಗೊತ್ತು: ಮುಂದಕ್ಕೆ ಚಾಚಿದ ಕೋಣಗಳ ಕತ್ತು, ಓಡಿಸುವವನ ಬಿಗಿದ ಮೈ, ಸುತ್ತ ಸಿಡಿದ ಕೆಸರು ನೀರು. ಕಾರ್ಕಳದ ಬಳಿಯ ಮಿಯಾರಿನಲ್ಲಾಗಲಿ ಬೇರೆಲ್ಲಾಗಲಿ ಕನೆಹಲಗೆ ವಿಭಾಗದಲ್ಲಿ ಆ ನೀರು ಬರಿಯ ಅಲಂಕಾರವಲ್ಲ. ಅದು ಎಷ್ಟೆತ್ತರಕ್ಕೆ ಚಿಮ್ಮಿ ಮೇಲೆ ಕಟ್ಟಿದ ನಿಶಾನಿಯನ್ನು ಮುಟ್ಟಿತು ಎಂಬುದರ ಮೇಲೆಯೇ ಗೆಲುವು ನಿಂತಿದೆ. ದೂರದೇಶದ ತೀರ್ಪುಗಾರನಿಗೆ ಚೆಲುವಾಗಿ ಕಂಡದ್ದು ಓಟದ ಕರೆಯ ಬದಿಯಲ್ಲಿ ನಿಂತವನಿಗೆ ಅಂಕ. ಗೆದ್ದ ಚಿತ್ರವನ್ನು ನೋಡಿ ಕಲಿತವನು ನಿಶಾನಿಯನ್ನು ಚೌಕಟ್ಟಿನಿಂದ ಹೊರಗಿಡುವುದನ್ನೂ ಕಲಿಯುತ್ತಾನೆ. ಸ್ಫೂರ್ತಿಯ ಜೊತೆಗೆ ಒಂದು ಕುರುಡೂ ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ಇದಕ್ಕೆ ಎದುರಾದ ಅನುಭವವೂ ಉಂಟು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಭಾರತದ ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು, ಬದುಕಿಡೀ ಚಿತ್ರಿಸಿದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಆ ಚಿತ್ರಗಳಲ್ಲಿ ಬೆಚ್ಚಿಬೀಳಿಸುವ ಕೋನವಿಲ್ಲ, ತೆಗೆದವನು ತನ್ನನ್ನು ಮೆರೆಸಿಕೊಂಡ ಗುರುತಿಲ್ಲ. ಈ ಲೇಖಕನ ಮಟ್ಟಿಗೆ, ಅವುಗಳ ಸಹವಾಸದಲ್ಲಿ ಕೆಲಕಾಲ ಕಳೆದ ಮೇಲೆ ಮಲ್ಪೆ ಬಂದರಿನ ಬೆಳಗು ಬೇರೆಯಾಗಿ ಕಂಡಿತು. ದೋಣಿಗಳ ಬಣ್ಣದ ಸಾಲು ಹಿಂದೆ ಸರಿದು, ಮೀನು ವಿಂಗಡಿಸುವ ಹೆಂಗಸೊಬ್ಬಳು ಕೆಲಸದ ನಡುವೆ ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಗಳಿಗೆ ಮುಂದೆ ಬಂತು. ಸತ್ಯನ್ ಅವರ ಆ ಚಿತ್ರಗಳಲ್ಲಿ ಮೀನಿರಲಿಲ್ಲ, ಬಂದರೂ ಇರಲಿಲ್ಲ. ನಿಜವಾದ ಸ್ಫೂರ್ತಿ ಅಡ್ಡಹಾಯುತ್ತದೆ, ನೋಡಿದ ವಸ್ತುವಿನಿಂದ ನೋಡದ ವಸ್ತುವಿಗೆ ಕಳಿಸುತ್ತದೆ ಎಂಬ ಸೂತ್ರಕ್ಕೆ ಇದು ಒಳ್ಳೆಯ ಆಧಾರವಾಗಬಹುದು. ಈ ಸೂತ್ರ ಹಿಡಿದರೆ ಸೊಂಟಾಗ್‌ಗೆ ಉತ್ತರ ಸುಲಭ: ಚಿತ್ರಗಳು ಹೆಚ್ಚಿದಷ್ಟೂ ಅಡ್ಡದಾರಿಗಳು ಹೆಚ್ಚುತ್ತವೆ.

ಆದರೆ ಸೂತ್ರ ಕಾರ್ಕಳಕ್ಕೆ ಬಂದಾಗ ಮುರಿಯುತ್ತದೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ 10ನೇ ಶತಮಾನದ ಕೊನೆಯದು. ನಾಲ್ಕೂವರೆ ಶತಮಾನದ ಬಳಿಕ, 1432ರಲ್ಲಿ, ವೀರಪಾಂಡ್ಯ ಭೈರರಸ ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅದೇ ನಿಲುವು, ಅದೇ ಬಳ್ಳಿ, ಅದೇ ಮೌನ. 1604ರಲ್ಲಿ ವೇಣೂರಿನಲ್ಲಿ ಇನ್ನೊಂದು. 20ನೇ ಶತಮಾನದಲ್ಲಿ ಧರ್ಮಸ್ಥಳಕ್ಕೆ ಮತ್ತೊಂದು ಬೇಕಾದಾಗ ಅದನ್ನು ಕಾರ್ಕಳದಲ್ಲೇ ಕಡೆದವರು ಇಳಿವಯಸ್ಸಿನ ಶಿಲ್ಪಿ ರೆಂಜಾಳ ಗೋಪಾಲ ಶೆಣೈ. ತಮ್ಮ ಊರಿನ ಬೆಟ್ಟದ ಮೇಲೆ ಬದುಕಿಡೀ ಕಂಡ ರೂಪವನ್ನೇ ಅವರು ಮತ್ತೆ ಕಲ್ಲಿನಿಂದ ಬಿಡಿಸಿದರು. 39 ಅಡಿಯ ಆ ಮೂರ್ತಿ 1973ರಲ್ಲಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಹೋಯಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಇಲ್ಲಿ ಯಾರೂ ಅಡ್ಡಹಾಯಲಿಲ್ಲ. ನೋಡಿದ್ದನ್ನೇ ಮಾಡಿದರು. ಕಾರ್ಕಳದ ಗೊಮ್ಮಟನೆದುರು ನಿಂತ ಯಾರೂ, ಇದು ಬೆಳಗೊಳದಲ್ಲಿ ಮುಗಿದದ್ದು ಎನ್ನುವುದಿಲ್ಲ.

ಏಕೆ ಎನ್ನುವುದಿಲ್ಲ? 9ನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ 'ಧ್ವನ್ಯಾಲೋಕ'ದ ಕೊನೆಯ ಉದ್ಯೋತದಲ್ಲಿ ಕವಿಗಳ ನಡುವಿನ ಹೋಲಿಕೆಯನ್ನು ಮೂರಾಗಿ ವಿಂಗಡಿಸುತ್ತಾನೆ: ಪ್ರತಿಬಿಂಬದಂಥದ್ದು, ಬರೆದ ಚಿತ್ರದಂಥದ್ದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂಥದ್ದು. ಮೊದಲ ಎರಡು ತ್ಯಾಜ್ಯ. ಮೂರನೆಯದು ಸಲ್ಲುತ್ತದೆ, ಅಲ್ಲಿ ಒಳಗಿನ ಆತ್ಮ ಬೇರೆ. ಕಾರ್ಕಳದ ಗೊಮ್ಮಟ ಮೂರನೆಯ ವರ್ಗಕ್ಕೆ ಸೇರುತ್ತಾನೆಂದು ಹೇಳಲು ಆಸೆಯಾಗುತ್ತದೆ. ಆದರೆ ಆ ಬೇರೆಯಾದ ಆತ್ಮವನ್ನು ಎಲ್ಲಿ ಬೆರಳಿಟ್ಟು ತೋರಿಸುವುದು? ತೋರಿಸಬಹುದಾದದ್ದು ಕೆಲಸದ ಕಷ್ಟವನ್ನು. ಬೆಳಗೊಳದ ಮೂರ್ತಿಯನ್ನು ಬೆಟ್ಟದ ತಲೆಯಲ್ಲಿದ್ದ ಬಂಡೆಯಲ್ಲೇ ಕಡೆದರು. ಕಾರ್ಕಳದ್ದನ್ನು ಬೇರೆಡೆ ಕಡೆದು ಬೆಟ್ಟಕ್ಕೆ ಎಳೆದು ತಂದರೆಂದು ಪ್ರತೀತಿ. ಹಾಗಿದ್ದರೆ ರೂಪ ಹಳೆಯದಾದರೂ ಸಮಸ್ಯೆ ಹೊಸದು, ಅದಕ್ಕೆ ಉತ್ತರ ಬೆಳಗೊಳದಲ್ಲಿ ಸಿಗುವಂತಿರಲಿಲ್ಲ. ಕಾಪುವಿನ ಸಂಜೆಯ ಚಿತ್ರದಲ್ಲಿ ಬಗೆಹರಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ನಿಲ್ಲುವ ಜಾಗ ನಕ್ಷೆಯಲ್ಲಿದೆ, ಹೊತ್ತು ಗೊತ್ತಿದೆ, ಬಣ್ಣವನ್ನು ಫೋನೇ ಕೂಡಿಸುತ್ತದೆ. ಎಲ್ಲವೂ ಮೊದಲೇ ಬಗೆಹರಿದಿರುವ ಕಡೆ ಸೊಂಟಾಗ್ ಹೇಳಿದ ಸವೆತ ನಿಜವೆಂದು ಒಪ್ಪಬೇಕಾಗುತ್ತದೆ.

ಕಷ್ಟವನ್ನೇ ಅಳತೆಗೋಲಾಗಿ ಹಿಡಿದರೂ ನೆಮ್ಮದಿಯಿಲ್ಲ. ಹಾರುವ ಮಿಂಚುಳ್ಳಿಯನ್ನು ಸ್ಪಷ್ಟವಾಗಿ ಹಿಡಿಯುವುದು ಫಿಲ್ಮಿನ ಕಾಲದಲ್ಲಿ ಅಪಾರ ತಾಳ್ಮೆಯ ಕೆಲಸ. ಇಂದಿನ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಅದರಿಂದ ಹಳೆಯ ಚಿತ್ರಗಳ ಬೆಲೆ ಹೆಚ್ಚಲಿಲ್ಲ, ಹೊಸವುಗಳೆಲ್ಲ ನಿರರ್ಥಕವೂ ಆಗಲಿಲ್ಲ. ಬೆವರು ಸುರಿಸಿ ತೆಗೆದ ನೀರಸ ಚಿತ್ರಗಳು ಪ್ರತಿ ಪ್ರದರ್ಶನದಲ್ಲೂ ಸಿಗುತ್ತವೆ. ನೋಡಿದ್ದಕ್ಕಿಂತ ಬೇರೆಯಾದದ್ದನ್ನೇ ತೆಗೆಯುತ್ತೇನೆ ಎಂಬ ಹಟವೂ ಪಾರುಮಾಡುವುದಿಲ್ಲ. ಚಳಿಗಾಲದ ಸೂರ್ಯ ಬೇಡವೆಂದು ಜೂನ್ ತಿಂಗಳ ಬೂದು ಕಡಲನ್ನು ಹುಡುಕಿಕೊಂಡು ಹೋದವನನ್ನು ಅಲ್ಲಿಗೆ ಕಳಿಸಿದ್ದೂ ಅವನು ತಪ್ಪಿಸಿಕೊಳ್ಳಲೆತ್ನಿಸಿದ ಆ ಚಿತ್ರವೇ.

ಸೊಂಟಾಗ್ ಕೂಡ ತಮ್ಮ ಮಾತಿನಲ್ಲಿ ಕಲ್ಲಾಗಿ ನಿಲ್ಲಲಿಲ್ಲ. 2002ರಲ್ಲಿ ಸೌಂದರ್ಯವನ್ನು ಕುರಿತು ಬರೆದ ಪ್ರಬಂಧದಲ್ಲಿ ಅವರು ಮತ್ತೆ ಸೂರ್ಯಾಸ್ತಕ್ಕೆ ಬಂದರು, ಈ ಸಲ ಅದರ ಪಕ್ಷ ವಹಿಸಿ. ಸುಂದರ ಎನ್ನಲು ಅಳುಕಿ ಎಲ್ಲವನ್ನೂ ಸ್ವಾರಸ್ಯಕರ ಎಂದು ಕರೆಯುವ ಕಾಲದ ಚಾಳಿಗೆ ಸೂರ್ಯಾಸ್ತವನ್ನೇ ಎದುರಿಟ್ಟರು. ಇಪ್ಪತ್ತೈದು ವರ್ಷಗಳಲ್ಲಿ ಅವರ ಕಣ್ಣಿಗೆ ಸೂರ್ಯಾಸ್ತ ಮರಳಿ ಸಿಕ್ಕಿತೆಂದರೆ ಸವೆತ ಶಾಶ್ವತವಲ್ಲ. ಹೇಗೆ ಮರಳಿ ಸಿಗುತ್ತದೆ ಎಂಬುದೇ ಕಷ್ಟದ ಪ್ರಶ್ನೆ. ಒಂದು ಊಹೆಗೆ ಮಲ್ಪೆಯ ಅನುಭವದಲ್ಲಿ ಆಸರೆಯಿದೆ. ಆ ಬೆಳಗಿನ ಹೊತ್ತಿಗೆ ಸತ್ಯನ್ ಅವರ ಚಿತ್ರಗಳ ಚೌಕಟ್ಟುಗಳು ಅರೆಬರೆ ಮರೆತುಹೋಗಿದ್ದವು, ಉಳಿದಿದ್ದದ್ದು ಜನರ ಕಡೆಗಿನ ಅವರ ನಿಲುವು ಮಾತ್ರ. ನೋಡಿದ ಚಿತ್ರ ಸ್ವಲ್ಪ ಮರೆತ ಮೇಲೆಯೇ ಕೆಲಸಕ್ಕೆ ಬರುತ್ತದೆ ಎಂಬುದು ನಿಜವಾದರೆ ಪ್ರದರ್ಶನಕ್ಕೆ ಒಂದು ಅನುಕೂಲವಿದೆ: ಅದು ಮುಗಿಯುತ್ತದೆ, ಗೋಡೆ ಖಾಲಿಯಾಗುತ್ತದೆ. ಅಂತರ್ಜಾಲದಲ್ಲಿ ಮೆಚ್ಚಿದ ಚಿತ್ರ ಉಳಿಸಿಟ್ಟ ಕಡೆ ಹಾಗೇ ಇರುತ್ತದೆ, ಮರಳಿನ ಮೇಲೆ ನಿಂತೇ ಅದನ್ನು ತೆರೆದು ಹೋಲಿಸಿ ನೋಡಬಹುದು. ಚಿತ್ರ ಹಂಚುವ ತಾಣ ಫ್ಲಿಕರ್ ಶುರುವಾದದ್ದು 2004ರಲ್ಲಿ, ಅದೇ ವರ್ಷದ ಕೊನೆಗೆ ಸೊಂಟಾಗ್ ತೀರಿಕೊಂಡರು. ಮರೆಯಲು ಎಡೆಗೊಡದ ಸಂಗ್ರಹದ ನಡುವೆ ಬೆಳೆದ ಕಣ್ಣಿಗೂ ಇಂಥ ಮರಳುವಿಕೆ ಸಾಧ್ಯವೇ ಎಂಬುದನ್ನು ಅವರ ವಾದದಿಂದಾಗಲಿ, ಅದಕ್ಕೆ ಇಲ್ಲಿ ಕೊಟ್ಟ ಉತ್ತರಗಳಿಂದಾಗಲಿ ತೀರ್ಮಾನಿಸಲಾಗುವುದಿಲ್ಲ.