ವುಶು: ತಡೆದ ಕೈಯ ಧರ್ಮ

ಹೊಡೆಯಲು ಕಲಿಸುವ ವಿದ್ಯೆಯಿಂದ ಮನುಷ್ಯನು ಸಾಧುವಾಗಬಲ್ಲನೆ? ಅಂತಹ ವಿದ್ಯೆಗೆ ಅಂಕವನ್ನೂ ಪದಕವನ್ನೂ ಕಟ್ಟಿದ ಮೇಲೆ ಅದರ ಧರ್ಮವು ಉಳಿಯುವುದೆ? ಚೀನ ದೇಶದ ಯುದ್ಧಕಲೆಯಾದ ವುಶುವು ಏಷ್ಯಾ ಕ್ರೀಡಾಕೂಟವನ್ನು ಸೇರಿದ ಬಗೆಯನ್ನು ನೋಡಿದವರಿಗೆ ಈ ಪ್ರಶ್ನೆಗಳು ಸಹಜವಾಗಿಯೇ ಏಳುವುವು.

1990ರ ಬೀಜಿಂಗ್ ಕೂಟದಲ್ಲಿ ಈ ಕಲೆಯು ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಇದಕ್ಕೆ ಎರಡು ಅಂಗಗಳುಂಟು. ಮೊದಲನೆಯದು ತಾವ್‌ಲು, ನಮ್ಮ ಮಾತಿನಲ್ಲಿ ವರಸೆ. ಬರಿಗೈಯಿಂದಲೋ, ಕತ್ತಿ, ಭರ್ಜಿ, ದೊಣ್ಣೆಗಳಿಂದಲೋ ಆಟಗಾರನು ಗೊತ್ತಾದ ಚಲನೆಗಳನ್ನು ಮಾಡಿ ತೋರಿಸುವನು. ಕಠಿನವಾದ ನೆಗೆತಗಳುಳ್ಳ ವರಸೆಯಲ್ಲಿ ಚಲನೆಯ ಶುದ್ಧಿಗೆ 5, ಒಟ್ಟು ಪ್ರದರ್ಶನಕ್ಕೆ 3, ಆ ಕಾಠಿನ್ಯಕ್ಕೆ 2, ಹೀಗೆ 10 ಅಂಕಗಳು. ಎರಡನೆಯದು ಸಾಂಡಾ, ಎಂದರೆ ಇಬ್ಬರ ಕಾಳಗ. ಇದು 1998ರ ಬ್ಯಾಂಕಾಕ್ ಕೂಟದಲ್ಲಿ ಸೇರಿತು.

ಚೀನೀ ಲಿಪಿಯಲ್ಲಿ ‘ವು’ ಎಂಬ ಅಕ್ಷರಕ್ಕೆ ಎರಡು ಭಾಗಗಳು: ಒಂದು ಆಯುಧ, ಇನ್ನೊಂದು ನಿಲ್ಲುವಿಕೆ. ಕ್ರಿ. ಪೂ. 597ರಲ್ಲಿ ಚೂ ನಾಡಿನ ಝ್ವಾಂಗ್ ದೊರೆಯು ಜಿನ್ ಸೈನ್ಯವನ್ನು ಸೋಲಿಸಿದಾಗ, ವೈರಿಗಳ ಶವಗಳನ್ನು ಒಟ್ಟಿ ವಿಜಯದ ದಿಬ್ಬವನ್ನು ಕಟ್ಟಬೇಕೆಂದು ಅವನಿಗೆ ಸಲಹೆ ಬಂದಿತು. ಆಯುಧವನ್ನು ನಿಲ್ಲಿಸುವುದೇ ‘ವು’ ಎಂದು ಅರ್ಥ ಹೇಳಿ ಅವನು ಒಪ್ಪಲಿಲ್ಲವೆಂದು ‘ಝ್ವೋ ಝ್ವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥವು ತಿಳಿಸುವುದು. ಆ ಎರಡನೆಯ ಭಾಗವು ಮೂಲದಲ್ಲಿ ಹೆಜ್ಜೆಯ ಚಿಹ್ನೆಯೆಂದೂ, ಆಯುಧ ಹಿಡಿದು ನಡೆಯುವುದೇ ಹಳೆಯ ಅರ್ಥವೆಂದೂ ಈಗಿನ ಅನೇಕ ಲಿಪಿಪಂಡಿತರ ಮತ. ಶಬ್ದಶಾಸ್ತ್ರದಲ್ಲಿ ದೊರೆಯು ತಪ್ಪಿರಬಹುದು, ಧರ್ಮದಲ್ಲಿ ತಪ್ಪಲಿಲ್ಲ. ಗೆದ್ದವನ ಬಾಯಿಂದ ಬಂದುದರಿಂದಲೇ ಆ ಮಾತಿಗೆ ಬೆಲೆಯಿರುವುದು.

ಸ್ಪರ್ಧೆಯ ಕಣದಲ್ಲಿ ಈ ಧರ್ಮಕ್ಕೆ ಸ್ಥಳವೆಲ್ಲಿ ಎಂದು ಕೇಳಬಹುದು. ಸಾಂಡಾದಲ್ಲಿ ಗುದ್ದು, ಒದೆತ, ಕೆಡಹುವ ಪಟ್ಟುಗಳಿಗೆ ಅಂಕವುಂಟು. ಆದರೆ ಕುತ್ತಿಗೆಗೂ ಹಿಂದಲೆಗೂ ಹೊಡೆಯಕೂಡದು, ಬಿದ್ದವನನ್ನು ಹೊಡೆಯಕೂಡದು. ಹೊಡೆತವನ್ನು ಕಲಿತಷ್ಟೇ ಶ್ರಮದಿಂದ ಕೈಯನ್ನು ತಡೆಯುವುದನ್ನೂ ಕಲಿಯಬೇಕು. ಇದು ತೀರ್ಪುಗಾರನ ಭಯವೇ ಹೊರತು ಗುಣವಲ್ಲವೆಂದು ಆಕ್ಷೇಪಿಸುವವರುಂಟು. ಭಯದಿಂದ ಆರಂಭವಾದುದೂ ಅಭ್ಯಾಸಬಲದಿಂದ ಸ್ವಭಾವವಾಗಬಲ್ಲದು. ಆದರೆ ಹಾಗಾಯಿತೋ ಇಲ್ಲವೋ ಎಂಬುದು ಕಣದೊಳಗೆ ತಿಳಿಯದು. ತೀರ್ಪುಗಾರನಿಲ್ಲದ ಎಡೆಯಲ್ಲಿಯೇ ತಿಳಿಯಬೇಕು.

ಅಂತಹ ಎಡೆಯೊಂದು 2023ರಲ್ಲಿ ಚೀನದ ಹಾಂಗ್‌ಝೌ ಕೂಟದಲ್ಲಿ ಕಾಣಿಸಿತು. ಭಾರತದ ವುಶು ತಂಡಕ್ಕೆ ಆರಿಸಲ್ಪಟ್ಟಿದ್ದ ಅರುಣಾಚಲಪ್ರದೇಶದ ಮೂವರು ತರುಣಿಯರಿಗೆ ಆ ದೇಶದ ಪ್ರವೇಶವು ದೊರೆಯಲಿಲ್ಲ. ಆ ಪ್ರದೇಶವು ತನ್ನದೆಂದು ಚೀನವು ವಾದಿಸುವುದೇ ಇದರ ಹಿನ್ನೆಲೆ. ಭಾರತವು ಪ್ರತಿಭಟಿಸಿತು, ಕ್ರೀಡಾಮಂತ್ರಿಗಳು ತಮ್ಮ ಪ್ರಯಾಣವನ್ನು ನಿಲ್ಲಿಸಿದರು. ಅದೇ ಕೂಟದ ಸಾಂಡಾದಲ್ಲಿ ಮಣಿಪುರದ ರೋಶಿಬಿನಾ ದೇವಿಯು ಅಂತಿಮ ಕಾಳಗವನ್ನು ಮುಟ್ಟಿ, ಚೀನದ ಆಟಗಾರ್ತಿಗೆ ಸೋತು, ಬೆಳ್ಳಿಯ ಪದಕವನ್ನು ಪಡೆದಳು. ಅದನ್ನು ಆಗ ಕಲಹದಲ್ಲಿ ಬೇಯುತ್ತಿದ್ದ ತನ್ನ ನಾಡಿಗೆ ಅರ್ಪಿಸಿದಳು.

ಕಣದೊಳಗೆ ಆ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ನಿಯಮವು ಕಟ್ಟಿತ್ತು. ಬಾಗಿಲನ್ನು ಕಾಯುವವರ ಬಲವನ್ನು ಕಟ್ಟುವ ನಿಯಮ ಯಾವುದು? ಗಡಿಯ ವಿವಾದವು ರಾಜ್ಯಗಳದು. ಅದರ ಪೆಟ್ಟು ಬಿದ್ದುದು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೂವರ ಮೇಲೆ. ಅವರು ತಿರುಗಿ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ಬಿದ್ದವನನ್ನು ಹೊಡೆಯಬಾರದೆಂಬ ವಿಧಿಯು ನೆನಪಾಗಬೇಕಾದುದು ಇಲ್ಲಿಯೇ. ನಾಳೆ ಮತ್ತೊಂದು ದೇಶವು, ನಮ್ಮದೇ ಆಗಲಿ, ಅತಿಥೇಯನ ಸ್ಥಾನದಲ್ಲಿ ನಿಂತಾಗಲೂ ಈ ಮಾತು ಅಷ್ಟೇ ಸಲ್ಲುವುದು.

ಆದುದರಿಂದ ಅಂಕಗಳು ಈ ಕಲೆಯ ಧರ್ಮವನ್ನು ಕೆಡಿಸುವುವೆಂದು ನಾವು ಹೇಳಲಾರೆವು; ಅದನ್ನು ಅಳೆಯಲಾರವು ಎಂದಷ್ಟೇ ಹೇಳಬಲ್ಲೆವು. ಆಟಗಾರರಿಂದ ಕೈಯ ಸಂಯಮವನ್ನು ಅಪೇಕ್ಷಿಸುವ ರಾಜ್ಯಗಳು ಅದನ್ನು ಮೊದಲು ತಾವು ಕಲಿಯಬೇಕು. ಶವಗಳ ದಿಬ್ಬವನ್ನು ಬೇಡವೆಂದ ದೊರೆಗೆ ಯಾರೂ ಪದಕವನ್ನು ಕೊಡಲಿಲ್ಲ.