ಪಾಸ್‌ಬುಕ್ಕು ಯಾರ ಪೆಟ್ಟಿಗೆಯಲ್ಲಿದೆ?



ಈ ಬ್ರಹ್ಮಗಿರಿಯ ತಪ್ಪಲಲ್ಲೇ ಅಶೋಕನ ಬಂಡೆಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯರ ಸೇವೆ ಮಾಡಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ, ನಂಟರೊಡನೆ ತಕ್ಕಂತೆ ನಡೆದುಕೊಳ್ಳಿ ಎಂದು ಅದು ಹೇಳುತ್ತದೆ. ಅದರಲ್ಲೇ ಇನ್ನೊಂದು ಮಾತೂ ಇದೆ: ಸ್ವರ್ಗ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಚಿಕ್ಕವನೂ ಮನಸ್ಸಿಟ್ಟು ಶ್ರಮಿಸಿದರೆ ಪಡೆಯಬಲ್ಲ. ನಾನು ಇವತ್ತು ಮಾತಾಡಬೇಕೆಂದಿರುವುದು ಈ ಚಿಕ್ಕವನ ಬಗ್ಗೆ. ಹುಟ್ಟಿನಿಂದ ಚಿಕ್ಕವನಲ್ಲ, ನಾವೇ ಚಿಕ್ಕವನನ್ನಾಗಿ ಮಾಡಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿದವನು.

ನಡೆಯಲಾಗದ ಅಣ್ಣ, ಕಣ್ಣು ಕಾಣದ ಅತ್ತೆ, ಮಾತು ತಡವರಿಸುವ ಮಗಳು. ಅವರಿಗೆ ಅನ್ನ ಹಾಕುತ್ತೇವೆ, ಬಟ್ಟೆ ಕೊಡಿಸುತ್ತೇವೆ, ಇಲ್ಲವೆನ್ನುವುದಿಲ್ಲ. ಆದರೆ ಅವರ ಹೆಸರಿಗೆ ಬರುವ ಅಂಗವಿಕಲರ ಸಂಬಳ ಎಲ್ಲಿ ಹೋಗುತ್ತದೆ? ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ 800 ರೂಪಾಯಿ, 1,400 ರೂಪಾಯಿ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ಕು ತಮ್ಮನ ಪೆಟ್ಟಿಗೆಯಲ್ಲಿ. ತಿಂಗಳಿಗೊಮ್ಮೆ ಅಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಒಮ್ಮೆ ಹಿಡಿಯದಿದ್ದರೆ ಬೆರಳು ಒರೆಸಿ ಇನ್ನೊಮ್ಮೆ ಒತ್ತಿಸುತ್ತಾರೆ. ನೋಟು ಬಂದ ಕೂಡಲೇ ಅದು ತಮ್ಮನ ಜೇಬಿಗೆ ಇಳಿಯುತ್ತದೆ. "ಇವನಿಗೇನು ಖರ್ಚು, ಕೂತಲ್ಲೇ ಕೂತಿರ್ತಾನೆ" ಎನ್ನುವ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಕೆಲವರು ಆಡಿಯೂ ಇದ್ದೇವೆ. ಆ ಅಣ್ಣನಿಗೆ ಕ್ಷೌರ ಮಾಡಿಸಿಕೊಳ್ಳುವ ಆಸೆಯಿರಬಹುದು. ಮೊಬೈಲಿಗೆ ಕರೆನ್ಸಿ ಹಾಕಿಸಬೇಕೆನಿಸಬಹುದು. ಜಾತ್ರೆಯಲ್ಲಿ ಸೋದರಸೊಸೆಗೆ ಬಳೆ ಕೊಡಿಸಬೇಕೆಂಬ ಆಸೆ ಇರಬಾರದೇ? ಅವನನ್ನು ಯಾರೂ ಕೇಳಿಲ್ಲ.

ಎದುರಿಗೆ ಕಾಣುವ ಜಟಿಂಗ ರಾಮೇಶ್ವರನ ಬೆಟ್ಟವನ್ನು ನೆನೆಯಿರಿ. ಜಟಾಯು ಬಿದ್ದದ್ದು ಅಲ್ಲೇ ಎಂದು ನಮ್ಮ ಹಿರಿಯರು ನಂಬಿದ್ದಾರೆ. ರೆಕ್ಕೆ ಕಳೆದುಕೊಂಡು ಬಿದ್ದಿದ್ದ ಆ ಹಕ್ಕಿಯ ಪಕ್ಕದಲ್ಲಿ ರಾಮ ಕೂತ, ಅದು ಹೇಳಿದ್ದನ್ನು ಕೇಳಿದ. ಸೀತೆ ಹೋದ ದಿಕ್ಕು ತಿಳಿದದ್ದು ಆ ಮಾತಿನಿಂದಲೇ. ಪಾಪ, ಇದಕ್ಕೇನು ಗೊತ್ತು ಎಂದು ರಾಮ ಮುಂದೆ ನಡೆದುಬಿಡಲಿಲ್ಲ. ದಯೆ ಎಂದರೆ ನನಗೆ ತಿಳಿದಿರುವುದು ಇಷ್ಟೇ.

ನೆಲದ ಕಾನೂನೂ ವಿಕಲಚೇತನರ ಮಾತಿಗೆ ಬೆಲೆಯಿರಬೇಕೆಂದೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಪ್ರಕಾರ ಆಸ್ತಿ ಹೊಂದುವ, ತಮ್ಮ ಹಣಕಾಸನ್ನು ತಾವೇ ನಿಭಾಯಿಸುವ ಹಕ್ಕು ಎಲ್ಲರಂತೆ ಅವರಿಗೂ ಇದೆ. ನೆರವು ಬೇಕಾದರೆ ಪಡೆಯಬಹುದು. ಆದರೆ ನೆರವು ನೀಡುವವನಿಗೆ ಆ ವ್ಯವಹಾರದಲ್ಲಿ ಸ್ವಂತ ಹಿತ ಅಡ್ಡ ಬಂದರೆ ಅವನು ಹಿಂದೆ ಸರಿಯಬೇಕು. ಬೌದ್ಧಿಕ ವೈಕಲ್ಯವಿರುವ ಮಗನಿಗೆ 18 ತುಂಬಿದ ಮೇಲೆ ಪಾಲಕರು ಬೇಕೆನಿಸಿದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ ಅರ್ಜಿ ಹಾಕುವ ದಾರಿಯಿದೆ. ದೂರದ ಬ್ರಿಟನ್ನಿನಲ್ಲಿ ವಿಕಲಚೇತನರೇ ವರ್ಷಗಟ್ಟಲೆ ಹೋರಾಡಿ 1996ರಲ್ಲಿ ಒಂದು ಕಾನೂನು ಗೆದ್ದರು. ಸೇವೆಯ ಬದಲು ಹಣವನ್ನೇ ಪಡೆದು, ತಮಗೆ ಬೇಕಾದ ಸಹಾಯಕರನ್ನು ತಾವೇ ನೇಮಿಸಿಕೊಳ್ಳುವ ಕಾನೂನು ಅದು. ನಮ್ಮಲ್ಲಿ ಅಷ್ಟು ಹಣ ಬರುವುದಿಲ್ಲ, ಒಪ್ಪುತ್ತೇನೆ. ಬರುವ ಸ್ವಲ್ಪವೂ ಅವರದೇ ಎಂಬುದನ್ನಂತೂ ಒಪ್ಪೋಣ.

ಇನ್ನು ನೋಡಿಕೊಳ್ಳುವವರ ಮಾತು. ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಮಗುವಿಗೆ ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇದ್ದರೆ, ತಾಯಿ ಮಗ್ಗದ ಮುಂದೆ ಅರ್ಧ ಗಂಟೆಯೂ ಎಡೆಬಿಡದೆ ಕೂರಲಾಗುವುದಿಲ್ಲ. ಎತ್ತಬೇಕು, ಮಗ್ಗುಲು ಬದಲಿಸಬೇಕು, ಉಣಿಸಬೇಕು, ತೊಳೆಯಬೇಕು. ಸೀರೆ ತಡವಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ. ಅವಳು ಸುಮ್ಮನೆ ಮನೆಯಲ್ಲಿದ್ದಾಳೆ ಎನ್ನುತ್ತೇವೆ. ನಾಯಕನಹಟ್ಟಿಯ ಸಂತ ತಿಪ್ಪೇಸ್ವಾಮಿ ಬರಗಾಲದಲ್ಲಿ ಕೆರೆ ತೋಡಿಸಿದಾಗ, ದುಡಿದಷ್ಟೇ ಕೂಲಿ ಪ್ರತಿಯೊಬ್ಬರಿಗೂ ಸಂದಿತು ಎಂಬ ಕಥೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮಗುವಿಗೂ ಗೊತ್ತು. ಆ ತಾಯಿಯ ದುಡಿಮೆಯನ್ನು ಹಾಗೆ ಅಳೆದು ಕೂಲಿ ಕೊಟ್ಟವರು ಯಾರು? ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕೆಂದು ಅದೇ 2016ರ ಕಾಯ್ದೆ ಹೇಳುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಸ್ಥಿತಿಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಕರ್ನಾಟಕ ಸರ್ಕಾರವೂ ಈಚೆಗೆ ಹೇಳಿದೆ. ಕೇಳಿ ಪಡೆಯಿರಿ. ಅದು ಭಿಕ್ಷೆಯಲ್ಲ, ಕಾಯಕದ ಕೂಲಿ.

ಆ ಭತ್ಯೆಗೂ ಮಗುವಿನ ಹಣಕ್ಕೂ ಲೆಕ್ಕ ಬೇರೆಯಿಡಿ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಸಾಕು. ವಾರಕ್ಕೊಮ್ಮೆ ಅದನ್ನು ಆ ಮಗುವಿನೆದುರೇ ಓದಿ ಹೇಳಿ.

ಮನೆಯ ಲೆಕ್ಕದ ಜೊತೆಗೆ ಊರಿನ ಲೆಕ್ಕವನ್ನೂ ಕೇಳಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಶೇ. 5ರ ಅನುದಾನ ಮೀಸಲಿದೆ. ನಿಮ್ಮೂರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಈ ವರ್ಷ ಅದು ಯಾವುದಕ್ಕೆ ಖರ್ಚಾಯಿತೆಂದು ಕೇಳಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇಲ್ಲದಿದ್ದರೆ ಅವರೇ ದಾರಿ ತೋರಿಸುತ್ತಾರೆ. ಗ್ರಾಮಸಭೆ ನಡೆದಾಗ ನಿಮ್ಮ ಅಣ್ಣನನ್ನು, ಅತ್ತೆಯನ್ನು, ಮಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ. ಅವರ ಪರವಾಗಿ ನೀವು ಮಾತಾಡಬೇಡಿ, ತಡವರಿಸಿದರೂ ಅವರೇ ಹೇಳಲಿ. ಇಂದು ಮನೆಗೆ ಹೋದ ಮೇಲೆ ಮೊದಲು ಆ ಪಾಸ್‌ಬುಕ್ಕನ್ನು ತೆಗೆದು ಅವರ ಕೈಗೆ ಕೊಡಿ.