ಒಂದು ಹೊತ್ತಿನ ಊಟಕ್ಕೆ ಮಾರಿದ ಸ್ವಾಸ್ಥ್ಯ

(ಆದಿಕಾಂಡ 25:29-34 ಓದಿರಿ)



ಏಸಾವನು ಅಡವಿಯಿಂದ ದಣಿದು ಬಂದು ಅಲಸಂದಿಯ ಗುಗ್ಗರಿಗಾಗಿ ತನ್ನ ಚೊಚ್ಚಲತನದ ಹಕ್ಕನ್ನು ಮಾರಿದನೆಂಬದನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಕೇಳಿ, ಅವನು ಎಂಥ ಬುದ್ಧಿಹೀನನೆಂದು ನಗುತ್ತೇವೆ. ನಗುವದಕ್ಕೆ ಮುಂಚೆ ಒಂದು ಚಿಕ್ಕ ದ್ವೀಪದ ವೃತ್ತಾಂತವನ್ನು ಕೇಳಿರಿ.

ಶಾಂತಸಾಗರದಲ್ಲಿ ನೌರು ಎಂಬ ದ್ವೀಪವುಂಟು. ಅದರ ವಿಸ್ತೀರ್ಣವು 21 ಚದರ ಕಿಲೋಮೀಟರು ಮಾತ್ರ. ಬೆಳಿಗ್ಗೆ ಹೊರಟವನು ಮಧ್ಯಾಹ್ನದೊಳಗೆ ಅದನ್ನು ಸುತ್ತಿ ಬರಬಹುದು. ಅಲ್ಲಿಯ ಜನರು ತೆಂಗು, ಕೇದಗೆಯ ಜಾತಿಯ ಹಣ್ಣು, ಮೀನು ಇವುಗಳಿಂದ ಜೀವಿಸುತ್ತಿದ್ದರು. ಅವರಲ್ಲಿ ಬಹುಮಂದಿ ನಮ್ಮಂತೆಯೇ ಸುವಾರ್ತೆಯನ್ನು ಸ್ವೀಕರಿಸಿದವರು. 1918ರಲ್ಲಿ ಸತ್ಯವೇದವು ಅವರ ಸ್ವಂತ ಭಾಷೆಗೆ ಬಂತು. ಆದಕಾರಣ ಏಸಾವನ ಕಥೆಯನ್ನು ಅವರೂ ಬಲ್ಲರು.

1900ರ ಸುಮಾರಿಗೆ ಸಿಡ್ನಿ ಪಟ್ಟಣದ ಒಂದು ಕಚೇರಿಯಲ್ಲಿ ಬಾಗಿಲು ಮುಚ್ಚದಂತೆ ಇಟ್ಟಿದ್ದ ಆ ದ್ವೀಪದ ಕಲ್ಲೊಂದನ್ನು ಆಲ್ಬರ್ಟ್ ಎಲ್ಲಿಸ್ ಎಂಬವನು ಪರೀಕ್ಷಿಸಲಾಗಿ, ಅದು ಫಾಸ್ಫೇಟ್, ಅಂದರೆ ಹೊಲಕ್ಕೆ ಸಾರ ಕೊಡುವ ಗೊಬ್ಬರದ ಕಲ್ಲು ಎಂದು ತಿಳಿದುಬಂತು. ಕೆಲವೇ ವರ್ಷಗಳಲ್ಲಿ ಅಗೆತವು ಆರಂಭವಾಯಿತು. 1920ರ ನಂತರ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಎಂಬ ಮೂರು ಸರಕಾರಗಳು ಕೂಡಿ ಅದನ್ನು ತಮ್ಮ ರೈತರಿಗೆ ಅಗ್ಗವಾಗಿ ಒದಗಿಸಿದವು. ದೂರದ ಹೊಲಗಳಲ್ಲಿ ಗೋದಿ ತೆನೆಗಟ್ಟಿತು. ನೌರುವಿನ ನಡುಭಾಗವೋ ಮಣ್ಣಿಲ್ಲದೆ, ಹಲ್ಲುಗಳಂತೆ ನಿಂತ ಬರೀ ಹವಳಗಲ್ಲುಗಳ ಹಾಳಾಯಿತು. ಭೂಮಿಯ ಒಡೆಯರಿಗೆ ಸಿಕ್ಕಿದ್ದು ಅಲ್ಪ ಹಣ.

ಕಡೆಗೆ ಆಸ್ಟ್ರೇಲಿಯದವರು, ನಿಮಗೆ ಕರ್ಟಿಸ್ ಎಂಬ ಬೇರೆ ದ್ವೀಪವನ್ನು ಕೊಡುತ್ತೇವೆ, ಅಲ್ಲಿಗೆ ಹೋಗಿರಿ ಅಂದಾಗ, 1964ರಲ್ಲಿ ಆ ಜನರು ಒಲ್ಲೆವೆಂದರು. ನಾಬೋತನು ಪಿತೃಗಳ ದ್ರಾಕ್ಷೇತೋಟವನ್ನು ಅರಸನಿಗೆ ಕೊಡದೆ ನಿಂತ ಹಾಗೆ ಅವರು ನಿಂತರು. 1968ರಲ್ಲಿ ಸ್ವಾತಂತ್ರ್ಯ ಬಂತು; 1970ರಲ್ಲಿ ಗಣಿಯೂ ಅವರ ಕೈಸೇರಿತು.

ಆದರೆ ಅಗೆತವು ನಿಲ್ಲಲಿಲ್ಲ! ನಾಬೋತನಂತೆ ನಿಂತವರೇ ಏಸಾವನಂತೆ ಕೂತರು. ಹಣವು ಹೊಳೆಯಾಗಿ ಬಂತು, ಮೀನು ಹಿಡಿಯುತ್ತಿದ್ದವರು ಹಡಗಿನಲ್ಲಿ ಬರುವ ಡಬ್ಬಿಯ ಆಹಾರಕ್ಕೆ ಒಗ್ಗಿದರು, ಮಧುಮೇಹವು ಹಬ್ಬಿತು. ಮುಂದಿನವರಿಗೆಂದು ಕೂಡಿಟ್ಟ ಧನವು ದುರಾಡಳಿತದಿಂದ ಕರಗಿತು. 1993ರಲ್ಲಿ ಆಸ್ಟ್ರೇಲಿಯವು ಪರಿಹಾರವಾಗಿ 10 ಕೋಟಿ 70 ಲಕ್ಷ ಡಾಲರು ಕೊಡಲೊಪ್ಪಿತು. ಹೋದ ಮಣ್ಣು ಮಾತ್ರ ತಿರಿಗಿ ಬರಲಿಲ್ಲ.

ಪ್ರಿಯರೇ, ಈ ವ್ಯಾಪಾರದಲ್ಲಿ ಏಸಾವನೊಬ್ಬನೇ ಅಲ್ಲ, ಯಾಕೋಬನೂ ಇದ್ದಾನೆ. ಅಣ್ಣನ ಹಸಿವೆಯನ್ನು ನೋಡಿ ಬೆಲೆ ಕಟ್ಟಿದವನು ಅವನೇ. ಗೋದಿ ಬೆಳೆದ ಆ ರೈತನು ಕಳ್ಳನಲ್ಲ. ಚೀಲವನ್ನು ಕ್ರಯಕ್ಕೆ ಕೊಂಡನು, ಅಷ್ಟೇ. ಈ ಕಾಲದ ಲೋಕವ್ಯಾಪಾರದ ರೀತಿ ಇದೇ: ಕೊಳ್ಳುವ ಕೈಗೆ ಅಗೆದ ಕುಣಿ ಕಾಣದು. ನಮ್ಮ ಹೊಲಕ್ಕೆ ಬರುವ ಗೊಬ್ಬರದ ಫಾಸ್ಫೇಟ್ ಕಲ್ಲೂ ಬಹುಪಾಲು ಅನ್ಯದೇಶಗಳಲ್ಲಿ ಅಗೆದದ್ದೇ. ಆದಕಾರಣ ಅದನ್ನು ಹಿಡಿಗಟ್ಟಲೆ ಚೆಲ್ಲದೆ, ಸೆಗಣಿಗೊಬ್ಬರವನ್ನು ಅಸಡ್ಡೆಮಾಡದೆ, ಲೆಕ್ಕ ಒಪ್ಪಿಸಬೇಕಾದ ಮನೆವಾರ್ತೆಯವರಂತೆ ಬಳಸೋಣ.

ಇಟ್ಟಿಗೆಗೂಡಿನವನು ನಿಮ್ಮ ಹೊಲದ ಮೇಲ್ಮಣ್ಣಿಗೆ ರೊಕ್ಕ ಎಣಿಸಲು ಬರುವಾಗ ನೌರುವನ್ನು ನೆನಸಿರಿ. ಮಗಳ ಮದುವೆ, ಸಾಲ, ಬರಗಾಲ ಇವೆಲ್ಲಾ ನಿಜವಾದ ಹಸಿವೆಗಳೇ. ಏಸಾವನ ಹಸಿವೆಯೂ ಸುಳ್ಳಾಗಿರಲಿಲ್ಲ. ಆದದರಿಂದ ಸಭೆಯವರೇ, ಸಾಲದಲ್ಲಿ ಬಿದ್ದ ಸಹೋದರನನ್ನು ಒಬ್ಬಂಟಿಗನಾಗಿ ಆ ಗುಗ್ಗರಿಯ ಮುಂದೆ ಬಿಡಬೇಡಿರಿ.

ನಮ್ಮ ಕರ್ತನೂ ಅಡವಿಯಲ್ಲಿ ಹಸಿದನು. ಕಲ್ಲನ್ನು ರೊಟ್ಟಿಮಾಡೆಂದು ಶೋಧಕನು ಆತನಿಗೂ ಹೇಳಿದನು. ಆತನು ಹಸಿವೆಯನ್ನು ತಾಳಿ, ನಮಗಾಗಿ ಸ್ವಾಸ್ಥ್ಯವನ್ನು ಕಾಪಾಡಿದನು. ಭೂಮಿಯು ದೇವರದು, ನಾವು ಆತನ ಒಕ್ಕಲಿನವರು. ಮಕ್ಕಳ ಪಾಲನ್ನು ಮಕ್ಕಳಿಗೆ ಉಳಿಸುವ ಕೃಪೆಯನ್ನು ಆತನು ನಮಗೆ ಅನುಗ್ರಹಿಸಲಿ. ಆಮೆನ್.